ಹಲ್ಲು ಕಾಣಿಸದ ಆಟ

ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ಹವ್ಯಾಸಿ ತಂಡವೊಂದು 1933ರಲ್ಲಿ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ನಾಟಕವಾಡಿದಾಗ ಆಲಿಸ್ ಆದವಳು ಊರಲ್ಲೇ ಬೆಳೆದ ಹುಡುಗಿ ಆಲಿವಿಯಾ ಡಿ ಹ್ಯಾವಿಲೆಂಡ್. ಹುಟ್ಟಿದ್ದು ಟೋಕಿಯೋದಲ್ಲಿ, ತಂಗಿ ಜೋನ್ ಜೊತೆ ಬೆಳೆದದ್ದು ಸಾಂಟಾ ಕ್ರೂಜ್ ಬೆಟ್ಟಗಳ ಈ ತಪ್ಪಲಲ್ಲಿ. ಅಕ್ಕತಂಗಿಯರಿಬ್ಬರೂ ಹಾಲಿವುಡ್ಡಿಗೆ ಹೋಗಿ ಆಸ್ಕರ್ ಗೆದ್ದದ್ದು ಆಮೇಲಿನ ಮಾತು. ನನಗೆ ಇಷ್ಟವಾಗುವುದು ಅದಕ್ಕೂ ಮುಂಚಿನ ಆ ನಾಟಕ. ಹಣ್ಣಿನ ತೋಟಗಳ ನಡುವಿನ ಸಣ್ಣ ಊರಿನ ಜನ ಮಾತಾಡುವ ಮೊಲ, ತಲೆ ಕತ್ತರಿಸಿ ಎಂದು ಕೂಗುವ ರಾಣಿ, ಇವನ್ನೆಲ್ಲ ಶ್ರದ್ಧೆಯಿಂದ ಅಭ್ಯಾಸ ಮಾಡಿ ರಂಗಕ್ಕೆ ತಂದರು. ಅಸಂಬದ್ಧವನ್ನು ಶ್ರದ್ಧೆಯಿಂದ ಮಾಡಿದಾಗ ಅದಕ್ಕೆ ಬರುವ ಕಳೆಯೇ ಬೇರೆ. ಆ ಕಳೆಯನ್ನು ನಾನು ಈಚೆಗೆ ಇದೇ ಊರಿನ ಕನ್ನಡ ಮನೆಯೊಂದರ ನಡುಮನೆಯಲ್ಲಿ, ಊಟವಾದ ಮೇಲಿನ ಆಟದಲ್ಲಿ, ಮನಸಾರೆ ಸವಿಯುತ್ತಿದ್ದೇನೆ.

ಆಟದ ಹೆಸರು ಮೆಜೆಸ್ಟಿಕ್. ಎಲ್ಲರೂ ಸುತ್ತ ಕೂರುತ್ತಾರೆ. ಒಬ್ಬೊಬ್ಬರಾಗಿ ಬೆಂಗಳೂರಿನ ಒಂದೊಂದು ಬಸ್ ಸ್ಟಾಪಿನ ಹೆಸರು ಹೇಳಬೇಕು. ‘ಮೆಜೆಸ್ಟಿಕ್’ ಎಂದವರು ಗೆದ್ದರು. ಅಷ್ಟೇ. ಮೊದಲ ಸರದಿಯವರೇ ಮೆಜೆಸ್ಟಿಕ್ ಎಂದು ಮುಗಿಸಬಹುದಲ್ಲ ಎಂದು ಕೇಳಿದರೆ ಹಿರಿಯರು ಉತ್ತರ ಕೊಡುವುದಿಲ್ಲ, ಕನಿಕರದಿಂದ ನೋಡುತ್ತಾರೆ. ಯಾರೂ ಹಾಗೆ ಮಾಡುವುದಿಲ್ಲ. ದಾರಿ ಕೂಡಿಬರಬೇಕು, ಎದುರಾಳಿಯ ನಡೆಗೆ ಮರ್ಯಾದೆ ಸಲ್ಲಬೇಕು, ನಿಯಮ ಅಡ್ಡ ಬರಬಾರದು. ಆ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ. ಬೇಕಾದಾಗ ಅವು ಹುಟ್ಟುತ್ತವೆ. ಹುಟ್ಟಿದ ಕ್ಷಣವೇ ನೂರು ವರ್ಷದ ಹಳೆಯ ವಿಧಿಗಳೆಂಬಂತೆ ಎಲ್ಲರೂ ತಲೆಬಾಗುತ್ತಾರೆ.

ಒಬ್ಬರು ‘ನ್ಯಾಷನಲ್ ಕಾಲೇಜ್’ ಎನ್ನುತ್ತಾರೆ. ಮುಂದಿನವರು ತುಸು ಯೋಚಿಸಿ ‘ಗಾಂಧಿ ಬಜಾರ್’ ಎನ್ನುತ್ತಾರೆ. ಕೂಡಲೇ ಮೂಲೆಯಿಂದ ಆಕ್ಷೇಪಣೆ: ಇದು ಕಾರ್ತಿಕ ಮಾಸ, ಕೊನೆಯ ಸೋಮವಾರ ಕಳೆಯುವವರೆಗೆ ಬಸವನಗುಡಿ ಪ್ರವೇಶಕ್ಕೆ ಕೈಯಲ್ಲಿ ಕಡಲೆಕಾಯಿ ಇರಬೇಕು. ಪರಿಷೆಯ ವಿಧಿ. ಆಟಗಾರ್ತಿ ಶಾಂತವಾಗಿ ಎದ್ದು ಅಡುಗೆಮನೆಗೆ ಹೋಗಿ ಹಿಡಿ ಕಡಲೆಕಾಯಿ ತಂದು ಮುಂದಿಟ್ಟು, ‘ಗಾಂಧಿ ಬಜಾರ್’ ಎಂದು ಮತ್ತೆ ಹೇಳುತ್ತಾರೆ. ನಡೆ ಊರ್ಜಿತ. ಚೈತ್ರದ ಹುಣ್ಣಿಮೆ ಹತ್ತಿರವಿದ್ದರೆ ತಿಗಳರಪೇಟೆ ಹಾದು ಹೋಗುವವರು ಮಸ್ತಾನ್ ಸಾಬರ ದರ್ಗಾದ ಮುಂದೆ ಒಂದು ಸರದಿ ನಿಲ್ಲಬೇಕು. ಕರಗವೇ ನಿಲ್ಲುವಲ್ಲಿ ಬಸ್ಸು ನಿಲ್ಲದೆ ಹೋದೀತೇ? ಮಲ್ಲೇಶ್ವರದ ಹದಿನೆಂಟನೇ ಕ್ರಾಸ್ ಎಂದು ಯಾರಾದರೂ ಎಂದರೆ ಕೋಣೆಯೇ ಒಮ್ಮೆ ಉಸಿರೆಳೆದುಕೊಳ್ಳುತ್ತದೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಆದರೆ ಅದು ದಿಟ್ಟ ನಡೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇಲ್ಲಿ ಒಂದೇ ಒಂದು ನಿಜವಾದ ನಿಯಮವಿದೆ: ನಗಬಾರದು. ಭರತನ ನಾಟ್ಯಶಾಸ್ತ್ರ ಹಾಸ್ಯರಸದಲ್ಲಿ ಆರು ಬಗೆಯ ನಗೆಗಳನ್ನು ಹೇಳುತ್ತದೆ. ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಎರಡೆರಡು ಸೇರಿ ಉತ್ತಮ, ಮಧ್ಯಮ, ಅಧಮ ಪ್ರಕೃತಿಯವರಿಗೆ. ಸ್ಮಿತದಲ್ಲಿ ಕೆನ್ನೆ ಸ್ವಲ್ಪವೇ ಅರಳುತ್ತದೆ, ನೋಟದಲ್ಲಿ ಸೌಷ್ಠವ ಇರುತ್ತದೆ, ಹಲ್ಲು ಕಾಣಿಸುವುದಿಲ್ಲ. ಹಸಿತದಲ್ಲಿ ಹಲ್ಲು ತುಸು ಇಣುಕುತ್ತದೆ. ಕೊನೆಗೆ ಅತಿಹಸಿತದ ಹೊತ್ತಿಗೆ ಕಣ್ಣೀರು ಬಂದು ಪಕ್ಕೆ ಹಿಡಿದುಕೊಂಡಾಗಿರುತ್ತದೆ. ಮೆಜೆಸ್ಟಿಕ್ ಆಟದ ಕಲೆಯೆಲ್ಲ ಸ್ಮಿತದ ಗೆರೆಯ ಮೇಲೆ ನಿಲ್ಲುವುದರಲ್ಲಿದೆ. ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದೂ ಭರತ ವಿಂಗಡಿಸುತ್ತಾನೆ: ತಾನೇ ನಗುವುದು ಒಂದು, ಇನ್ನೊಬ್ಬರನ್ನು ನಗಿಸುವುದು ಇನ್ನೊಂದು. ಈ ಆಟದಲ್ಲಿ ಕೂತವರಿಗೆ ಎರಡೂ ಒಟ್ಟೊಟ್ಟಿಗೆ ಒದಗುತ್ತವೆ, ಎರಡನ್ನೂ ತಡೆದು ಹಿಡಿಯಬೇಕು. ಎಂಬತ್ತು ದಾಟಿದ ಅಜ್ಜಿಯೊಬ್ಬರು ರೇಷ್ಮೆ ಸೆರಗು ಸರಿಮಾಡಿಕೊಂಡು, ‘ಇದು ಪುಷ್ಪಕ್ ಬಸ್ಸು, ಕಾರ್ಪೊರೇಷನ್ ಹತ್ತಿರ ನಿಲ್ಲಿಸೋಲ್ಲ’ ಎಂದು ನ್ಯಾಯಾಧೀಶರ ಗತ್ತಿನಲ್ಲಿ ತೀರ್ಪು ಕೊಟ್ಟಾಗ, ಎದುರು ಕೂತವರ ಕೆನ್ನೆಯ ಮೇಲೆ ಆ ಸ್ಮಿತ ಎಷ್ಟು ಕಷ್ಟಪಟ್ಟು ನಿಲ್ಲುತ್ತದೆಂದು ನೋಡಬೇಕು. ಹಾಸ್ಯವನ್ನು ಇಷ್ಟು ಸೂಕ್ಷ್ಮವಾಗಿ ಕುದಿಸಿಟ್ಟ ಇನ್ನೊಂದು ಕೂಟವನ್ನು ನಾನು ನೋಡಿಲ್ಲ.

ಈ ಆಟದ ಮೂಲ ಲಂಡನ್ನಿನದು. ಬಿಬಿಸಿ ರೇಡಿಯೋದ ‘ಐ ಆಮ್ ಸಾರಿ ಐ ಹ್ಯಾವಂಟ್ ಎ ಕ್ಲೂ’ ಕಾರ್ಯಕ್ರಮ 1972ರಲ್ಲಿ ಶುರುವಾಯಿತು. ಅದರಲ್ಲಿ ‘ಮಾರ್ನಿಂಗ್ಟನ್ ಕ್ರೆಸೆಂಟ್’ ಎಂಬ ಆಟ ಕಾಣಿಸಿಕೊಂಡದ್ದು 1978ರಲ್ಲಿ. ಆಟಗಾರರು ಲಂಡನ್ ಸುರಂಗ ರೈಲಿನ ನಿಲ್ದಾಣಗಳನ್ನೂ ಬೀದಿಗಳನ್ನೂ ಹೇಳುತ್ತ ಹೋಗುತ್ತಾರೆ, ಮಾರ್ನಿಂಗ್ಟನ್ ಕ್ರೆಸೆಂಟ್ ಎಂದವರು ಗೆಲ್ಲುತ್ತಾರೆ. ಜಾಸ್ ತುತ್ತೂರಿಗಾರರಾಗಿದ್ದ ಹಂಫ್ರಿ ಲಿಟಲ್ಟನ್ 2008ರಲ್ಲಿ ತೀರಿಕೊಳ್ಳುವವರೆಗೂ ಅಧ್ಯಕ್ಷರ ಸ್ಥಾನದಲ್ಲಿ ಕೂತು, ಯಾವ ಉತ್ಸಾಹವೂ ಇಲ್ಲದ ದನಿಯಲ್ಲಿ ಆ ವಾರದ ವಿಶೇಷ ನಿಯಮಗಳನ್ನು ಓದುತ್ತಿದ್ದರು. ಆ ದನಿಯೇ ಅರ್ಧ ಆಟ. ನಿಜವಾದ ಮಾರ್ನಿಂಗ್ಟನ್ ಕ್ರೆಸೆಂಟ್ ನಿಲ್ದಾಣವನ್ನು 1992ರಲ್ಲಿ ದುರಸ್ತಿಗೆಂದು ಮುಚ್ಚಿದರು. 1998ರಲ್ಲಿ ಅದು ಮತ್ತೆ ತೆರೆದಾಗ ಸಮಾರಂಭಕ್ಕೆ ಬಂದವರು ಈ ಕಾರ್ಯಕ್ರಮದ ಕಲಾವಿದರು. ನಿಯಮವೇ ಇಲ್ಲದ ಆಟದ ಪಟ್ಟುಗಳನ್ನು ವಿವರಿಸುವ ಪುಸ್ತಕವೂ ಬಂದಿದೆ.

ಆಟ ಪರದೇಶದ್ದಾದರೂ ಅದರ ರಸ ನಮಗೆ ಹೊಸದಲ್ಲ. ನಾ. ಕಸ್ತೂರಿಯವರು ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ಕರೆತಂದರು. ಅವರೇ ‘ಅನರ್ಥಕೋಶ’ವನ್ನೂ ಕಟ್ಟಿದರು. ನಿಘಂಟಿನ ಗಾಂಭೀರ್ಯವನ್ನು ಹಾಗೇ ಇಟ್ಟುಕೊಂಡು ಅರ್ಥಗಳನ್ನು ಮಾತ್ರ ತಿರುಗಿಸಿಟ್ಟ ಪುಸ್ತಕ ಅದು. ಇನ್ನು ಅಷ್ಟಾವಧಾನವನ್ನು ನೋಡಿ. ಅವಧಾನಿಯ ಸುತ್ತ ಎಂಟು ಪೃಚ್ಛಕರು. ನಿಷೇಧಾಕ್ಷರಿಯವರು ಪದ್ಯದ ಒಂದೊಂದು ಅಕ್ಷರ ಬಂದ ಕೂಡಲೇ ಮುಂದಿನದು ಇದಾಗಕೂಡದು ಎಂದು ತಡೆಯುತ್ತಾರೆ. ಅಪ್ರಸ್ತುತ ಪ್ರಸಂಗಿ ಮಧ್ಯೆ ಬಾಯಿ ಹಾಕಿ ಸಂಬಂಧವಿಲ್ಲದ ಪ್ರಶ್ನೆಗಳಿಂದ ಏಕಾಗ್ರತೆ ಕೆಡಿಸುತ್ತಾನೆ. ಹಾಗೆ ಕೆಡಿಸುವುದು ಅವನ ಧರ್ಮ. ಅವಧಾನಿ ಅವನಿಗೂ ಸೊಗಸಾಗಿ ಉತ್ತರಿಸಬೇಕು, ನಿಂತಲ್ಲಿಂದಲೇ ಪದ್ಯವನ್ನೂ ಮುಂದುವರಿಸಬೇಕು. ಸಾವಿರಕ್ಕೂ ಹೆಚ್ಚು ಅವಧಾನ ಮಾಡಿರುವ ಶತಾವಧಾನಿ ಆರ್. ಗಣೇಶರ ಸಭೆಯಲ್ಲಿ ಕೂತವರಿಗೆ ಇದರ ಸ್ವಾದ ಗೊತ್ತು. ಅಲ್ಲಿರುವುದು ಪಾಂಡಿತ್ಯದ ಶಿಖರ, ನಮ್ಮ ಮೆಜೆಸ್ಟಿಕ್ಕಿಗೆ ಆ ಎತ್ತರದ ಹಂಬಲವಿಲ್ಲ. ಆದರೂ ಅಕಾರಣವಾದ ಅಡ್ಡಿಯನ್ನು ಆದರದಿಂದ ಒಪ್ಪಿಕೊಂಡು ಅದರೊಳಗೇ ಚೆಲುವನ್ನು ಹುಡುಕುವ ಮನಸ್ಸು ಎರಡೂ ಕಡೆ ಒಂದೇ.

ಆಲಿಸಳ ಕಥೆಯಲ್ಲೇ ಇದಕ್ಕೆ ಎದುರಿನ ಉದಾಹರಣೆಯಿದೆ. ರಾಣಿಯ ಕ್ರೋಕೆ ಆಟದಲ್ಲಿ ಫ್ಲೆಮಿಂಗೋ ಹಕ್ಕಿಯೇ ದಾಂಡು, ಮುಳ್ಳಿಲಿಯೇ ಚೆಂಡು, ಬಾಗಿ ನಿಂತ ಇಸ್ಪೀಟು ಸಿಪಾಯಿಗಳೇ ಕಮಾನು. ಸರದಿಯಿಲ್ಲದೆ ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ, ಜಗಳಾಡುತ್ತಾರೆ. ಆಲಿಸಳಿಗೆ ಅಲ್ಲಿ ಸಂತೋಷವಾಗುವುದಿಲ್ಲ. ವಸ್ತುಗಳು ವಿಚಿತ್ರವಾಗಿವೆ ಎಂಬುದು ಅದಕ್ಕೆ ಕಾರಣವಲ್ಲ; ರಾಣಿಯೊಬ್ಬಳ ಮರ್ಜಿಯೇ ಅಲ್ಲಿ ನಡೆಯುತ್ತದೆ, ಆಟಗಾರರಿಗೆ ಪರಸ್ಪರ ಗೌರವವಿಲ್ಲ. ಮೆಜೆಸ್ಟಿಕ್ಕಿನಲ್ಲಿ ಯಾರು ಬೇಕಾದರೂ ನಿಯಮ ಹುಟ್ಟಿಸಬಹುದು, ಆದರೆ ಹುಟ್ಟಿಸಿದವರೂ ಅದಕ್ಕೆ ಬದ್ಧರು. ಇಂದು ನಾನು ಹೇಳಿದ ಕಡಲೆಕಾಯಿ ವಿಧಿಗೆ ನಾಳೆ ನಾನೂ ಕಡಲೆಕಾಯಿ ತರಬೇಕು.

ಹೆಸರಿನ ವಿಷಯದಲ್ಲಂತೂ ಈ ಆಟ ಸರಿಯಾದ ನೆಲಕ್ಕೇ ಬಂದಿದೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದ ಮೇಲೆ. ಜನ ಕರೆಯುವುದು ಮೆಜೆಸ್ಟಿಕ್ ಎಂದು. ಆ ಹೆಸರು ಕೊಟ್ಟ ಟಾಕೀಸು ಈಗಿಲ್ಲ. ಇತ್ತ ಸರಟೋಗಾದಲ್ಲಿ 1912ರಲ್ಲಿ ಜೇಮ್ಸ್ ಫೆಲಾನ್ ಕಟ್ಟಿಸಿದ ವಿಲ್ಲಾ ಮೊಂಟಾಲ್ವೋ ಇದೆ. ಸ್ಪಾನಿಷ್ ಲೇಖಕ ಮೊಂಟಾಲ್ವೋನ ಹೆಸರಿನ ಮಹಲು. ರಾಣಿ ಕಲಾಫಿಯಾ ಆಳುವ ಕ್ಯಾಲಿಫೋರ್ನಿಯಾ ಎಂಬ ದ್ವೀಪವನ್ನು ಅವನು ಕಥೆಯಲ್ಲಿ ಕಲ್ಪಿಸಿದ, ನಾವಿಕರು ಆ ಹೆಸರನ್ನು ನಿಜವಾದ ಕರಾವಳಿಗೆ ಇಟ್ಟರು. ಇದೇ ಫೆಲಾನ್ 1920ರಲ್ಲಿ ಕ್ಯಾಲಿಫೋರ್ನಿಯಾ ಬಿಳಿಯರದಾಗಿಯೇ ಉಳಿಯಲೆಂಬ ಘೋಷಣೆ ಹಿಡಿದು ಸೆನೆಟ್ ಚುನಾವಣೆಗೆ ನಿಂತು ಸೋತ. ಅವನ ಮಹಲು ಇಂದು ಕಲೆಗಳ ಕೇಂದ್ರ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಒಂದು ಸಂಸಾರ ಯಶವಂತಪುರದಿಂದ ನವರಂಗ್ ಸರ್ಕಲ್ಲಿಗೆ ಗಂಭೀರವಾಗಿ ಪ್ರಯಾಣ ಮಾಡುತ್ತಿರುತ್ತದೆ. ನನಗೆ ಇದು ತುಂಬ ಹಿತವೆನಿಸುತ್ತದೆ.

ಎಲ್ಲಕ್ಕಿಂತ ಸೊಗಸು ಮಕ್ಕಳು ಆಡುವಾಗ. ಅವರು ಇಲ್ಲೇ ಹುಟ್ಟಿದವರು, ಬೆಂಗಳೂರನ್ನು ರಜೆಯಲ್ಲಷ್ಟೇ ಕಂಡವರು. ಅವರ ಬಾಯಲ್ಲಿ ಶಿವಾಜಿನಗರ, ಟೌನ್ ಹಾಲ್, ಮೈಸೂರು ಬ್ಯಾಂಕ್ ಸರ್ಕಲ್, ಎಲ್ಲ ಒಂದಕ್ಕೊಂದು ಆತುಕೊಂಡಿವೆ. ನಕ್ಷೆಯಲ್ಲಿ ಎಲ್ಲಿವೆಯೆಂದು ಅವರಿಗೆ ಗೊತ್ತಿಲ್ಲ, ಯಾವುದರ ನಂತರ ಯಾವುದು ಹೇಳಿದರೆ ದೊಡ್ಡವರು ಹುಬ್ಬೇರಿಸುತ್ತಾರೆಂದು ಚೆನ್ನಾಗಿ ಗೊತ್ತು. ಒಬ್ಬ ಹುಡುಗಿ ಒಮ್ಮೆ ಲಾಲ್‌ಬಾಗ್ ಪಶ್ಚಿಮ ದ್ವಾರದಿಂದ ನೇರವಾಗಿ ‘ಹಕೋನೆ’ ಎಂದುಬಿಟ್ಟಳು. ಹಕೋನೆ ಎಂದರೆ ಸರಟೋಗಾದ ಜಪಾನಿ ಉದ್ಯಾನ, 1966ರಿಂದ ನಗರಸಭೆಯ ಆಸ್ತಿ. ಕೋಣೆ ಸ್ತಬ್ಧವಾಯಿತು. ಅಜ್ಜಿ ವಿಚಾರಣೆಗೆ ತೆಗೆದುಕೊಂಡರು. ಉದ್ಯಾನದಿಂದ ಉದ್ಯಾನಕ್ಕೆ ಹೋದದ್ದರಿಂದ ನಡೆ ಸಿಂಧು ಎಂದು ಹುಡುಗಿ ವಾದಿಸಿದಳು, ಕೆನ್ನೆ ಒಂದಿಷ್ಟೂ ಅರಳಿಸದೆ. ಪಾಸು ತೋರಿಸು ಎಂದು ಒಬ್ಬರು ಕೇಳಿದರು; ಶಾಲೆಯ ಗುರುತಿನ ಚೀಟಿ ಹಾಜರಾಯಿತು. ತೀರ್ಪು ಹೀಗೆ ಬಂತು: ಹಕೋನೆಗೆ ಹೋಗಬಹುದು, ಆದರೆ ವಾಪಸು ಬರುವಾಗ ಇಲ್ಲಿನ ಕಾಕ್ಸ್ ಅವೆನ್ಯೂ ಹಾಗೂ ಜಯನಗರ ನಾಲ್ಕನೇ ಬ್ಲಾಕ್ ಎರಡನ್ನೂ ಮುಟ್ಟಿಯೇ ಮೆಜೆಸ್ಟಿಕ್ ಸೇರಬೇಕು. ಅಂದಿನಿಂದ ಅದು ‘ಪ್ರವಾಸಿ ವಿಧಿ’ ಎಂದು ಜಾರಿಯಲ್ಲಿದೆ. ಬಿಗ್ ಬೇಸಿನ್ ವೇ ದಾಟಿ ಬೆಟ್ಟ ಹತ್ತಿದವರಿಗೂ ಅದು ಅನ್ವಯವಾಗುತ್ತದೆಯೇ ಎಂಬ ಅರ್ಜಿ ಇನ್ನೂ ಅಜ್ಜಿಯ ಮುಂದಿದೆ.