ಕುರಿಗಾಹಿಯ ದನಿ, ಮಗುವಿನ ಕಿವಿ: ಸೋಫಿಯಾ ಕವಲ್ಲೆಟ್ಟಿಯವರ ಧರ್ಮೋಪದೇಶ ಪದ್ಧತಿಯ ವಿಮರ್ಶೆ

ಧರ್ಮೋಪದೇಶವನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ಉಪದೇಶಿಸುವವರ ಕಡೆಯಿಂದ ಆರಂಭವಾಗುತ್ತವೆ: ಏನನ್ನು ಕಲಿಸಬೇಕು, ಯಾವ ವಯಸ್ಸಿಗೆ ಎಷ್ಟು, ಯಾವ ಕ್ರಮದಲ್ಲಿ. ಮಗುವಿನ ಕಡೆಯಿಂದ ಆರಂಭವಾಗುವ ಗ್ರಂಥಗಳು ವಿರಳ. ರೋಮ್ ನಗರದ ಹೀಬ್ರೂ ಹಾಗೂ ಬೈಬಲ್ ವಿದ್ವಾಂಸೆ ಸೋಫಿಯಾ ಕವಲ್ಲೆಟ್ಟಿಯವರು (1917–2011) 1979ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿದ ‘ಮಗುವಿನ ಧಾರ್ಮಿಕ ಸಾಮರ್ಥ್ಯ’ ಅಂತಹ ಒಂದು ಕೃತಿ. ಮೂರರಿಂದ ಆರು ವರ್ಷದ ಮಕ್ಕಳೊಡನೆ ದೀರ್ಘಕಾಲ ನಡೆದ ಒಡನಾಟದ ವರದಿ ಅದು. ‘ಉತ್ತಮ ಕುರಿಗಾಹಿಯ ಧರ್ಮೋಪದೇಶ’ ಎಂಬ ಹೆಸರಿನಲ್ಲಿ ಆ ಪದ್ಧತಿ ಇಂದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ನಮ್ಮ ಧರ್ಮಕೇಂದ್ರಗಳ ಭಾನುವಾರದ ತರಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದಾಗ ಈ ಕೃತಿ ನಮಗೆ ಕೊಡುವುದೇನು, ಕೊಡದೆ ಬಿಡುವುದೇನು ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಪದ್ಧತಿಯ ಬೇರು ಮರಿಯಾ ಮಾಂಟೆಸ್ಸೊರಿಯವರ ಚಿಂತನೆಯಲ್ಲಿದೆ. 1954ರಲ್ಲಿ ಕವಲ್ಲೆಟ್ಟಿಯವರ ಜೊತೆಗೂಡಿದ ಜಿಯಾನ್ನಾ ಗೊಬ್ಬಿಯವರು ಮಾಂಟೆಸ್ಸೊರಿ ಶಿಕ್ಷಣದಲ್ಲಿ ಪಳಗಿದವರು. ಮಕ್ಕಳಿಗಾಗಿಯೇ ಅಣಿಗೊಳಿಸಿದ ಒಂದು ಕೋಣೆ; ಅದಕ್ಕೆ ‘ಏಟ್ರಿಯಂ’ ಎಂದು ಹೆಸರು. ಅಲ್ಲಿ ಮಗುವಿನ ಎತ್ತರಕ್ಕೆ ತಕ್ಕ ಬಲಿಪೀಠ, ಪುಟ್ಟ ಪಾನಪಾತ್ರೆ, ಹಟ್ಟಿ, ಕುರಿಗಾಹಿ ಮತ್ತು ಕುರಿಗಳ ಮರದ ಬೊಂಬೆಗಳು. ಉಪದೇಶಕರು ಕೆಲವೇ ಮಾತುಗಳಲ್ಲಿ ತೋರಿಸಿಕೊಟ್ಟು ಹಿಂದೆ ಸರಿಯುತ್ತಾರೆ. ಮಗು ಆ ವಸ್ತುಗಳನ್ನು ತಾನೇ ಮುಟ್ಟಿ, ಜರುಗಿಸಿ, ಧ್ಯಾನಿಸುತ್ತದೆ. (1939ರಿಂದ 1946ರವರೆಗೆ ಮಾಂಟೆಸ್ಸೊರಿಯವರು ಇದ್ದುದು ಭಾರತದಲ್ಲಿ, ಮುಖ್ಯವಾಗಿ ಮದರಾಸಿನ ಅಡ್ಯಾರ್ ಮತ್ತು ಕೊಡೈಕನಾಲ್‌ಗಳಲ್ಲಿ. ಅವರ ಶಾಲಾ ಪದ್ಧತಿಯನ್ನು ನಾವು ಸಂತೋಷದಿಂದ ಬರಮಾಡಿಕೊಂಡೆವು. ಅವರ ಧಾರ್ಮಿಕ ಚಿಂತನೆಯತ್ತ ನಮ್ಮ ಧರ್ಮಸಭೆ ಅಷ್ಟಾಗಿ ಕಣ್ಣು ಹಾಯಿಸಲಿಲ್ಲ.)

ಕೃತಿಯ ಮೂಲ ಪ್ರತಿಪಾದನೆ ಸರಳ: ಉಪದೇಶಕರು ಬರುವ ಮೊದಲೇ ದೇವರು ಮಗುವಿನ ಬಳಿಗೆ ಬಂದಿರುತ್ತಾರೆ. ಇದಕ್ಕೆ ಲೇಖಕಿ ಕೊಡುವ ಸಾಕ್ಷ್ಯವೆಂದರೆ ಮಕ್ಕಳ ಮಾತುಗಳು, ಚಿತ್ರಗಳು, ಪ್ರಸಂಗಗಳು. ಧಾರ್ಮಿಕ ಪ್ರಭಾವವೇ ಇಲ್ಲದ ಮನೆಯ ಮೂರು ವರ್ಷದ ಹುಡುಗಿಯೊಬ್ಬಳು ಲೋಕ ಎಲ್ಲಿಂದ ಬಂತೆಂದು ತಂದೆಯನ್ನು ಕೇಳುತ್ತಾಳೆ. ಆತ ಲೌಕಿಕ ವಿವರಣೆಯನ್ನು ಕೊಟ್ಟು, ಕೆಲವರು ಇದೆಲ್ಲ ದೇವರಿಂದ ಬಂತೆನ್ನುತ್ತಾರೆ ಎಂದೂ ಸೇರಿಸುತ್ತಾನೆ. ತನಗೆ ಮೊದಲೇ ಗೊತ್ತಿತ್ತೆಂಬಂತೆ ಮಗು ಸಂತೋಷದಿಂದ ಕುಣಿದಾಡುತ್ತದೆ. ಓದಲು ಮನೋಹರವಾದ ಪ್ರಸಂಗವೇನೋ ಹೌದು. ಆದರೆ ಪ್ರಸಂಗ ಪ್ರಮಾಣವಲ್ಲ. ಕುಣಿಯದ ಮಕ್ಕಳ ಲೆಕ್ಕವನ್ನು ಯಾರೂ ಇಡುವುದಿಲ್ಲ.

ದೈವಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಪ್ರತಿಪಾದನೆಗೆ ಪ್ರಸಂಗಗಳ ಊರುಗೋಲೇ ಬೇಕಾಗಿಲ್ಲ. ಜ್ಞಾನಸ್ನಾನದಲ್ಲಿ ಶಿಶುಗಳೂ ವರಪ್ರಸಾದವನ್ನೂ ಸದ್ಗುಣಗಳನ್ನೂ ಪಡೆಯುತ್ತಾರೆಂದು ಸಂತ ಥಾಮಸ್ ಅಕ್ವಿನಾಸರು ವಾದಿಸಿದ್ದಾರೆ. 1311–12ರಲ್ಲಿ ಫ್ರಾನ್ಸಿನ ವಿಯೆನ್‌ನಲ್ಲಿ ಸೇರಿದ್ದ ಮಹಾಸಭೆ ಆ ಅಭಿಪ್ರಾಯವನ್ನೇ ಹೆಚ್ಚು ಸಂಭವನೀಯವೆಂದು ಎತ್ತಿಹಿಡಿಯಿತು. ಹಾಗಾದರೆ ನಮ್ಮ ತರಗತಿಗೆ ಬರುವ ಮಗು ಖಾಲಿ ಕೊಡವಲ್ಲ. ಆದರೆ ಕುಣಿದಾಡಿದ ಆ ಹುಡುಗಿಯ ವಿಷಯವೇ ಬೇರೆ: ಅವಳದು ದೇವರ ಸಾರೂಪ್ಯದಲ್ಲಿ ಸೃಷ್ಟಿಯಾದ ಮಾನವ ಸ್ವಭಾವದ ಹಸಿವು. ಸೃಷ್ಟಿಯಿಂದ ಬಂದ ಹಂಬಲವನ್ನೂ ಜ್ಞಾನಸ್ನಾನದಿಂದ ಬಂದ ಜೀವವನ್ನೂ ಬೇರ್ಪಡಿಸಿ ನೋಡುವುದರಲ್ಲಿ ಲೇಖಕಿಗೆ ಹೆಚ್ಚಿನ ಆಸಕ್ತಿ ಇದ್ದಂತಿಲ್ಲ. ರೋಮಿನಲ್ಲಿ ಇದು ಸಣ್ಣ ಸಂಗತಿಯಾಗಿರಬಹುದು. ನಮ್ಮ ಧಾರ್ಮಿಕ ಸಹೋದರಿಯರು ನಡೆಸುವ ಬಾಲವಾಡಿಗಳಲ್ಲಿ ಕುಳಿತ ಮಕ್ಕಳಲ್ಲಿ ಅನೇಕರು ಕ್ರೈಸ್ತೇತರ ಮನೆಗಳವರು. ಅವರ ಹಂಬಲವನ್ನು ಗೌರವಿಸುವುದು ಒಂದು ಕೆಲಸ. ಜ್ಞಾನಸ್ನಾನ ಪಡೆದವರನ್ನು ಸಂಸ್ಕಾರಗಳೊಳಕ್ಕೆ ಕೈಹಿಡಿದು ನಡೆಸುವುದು ಇನ್ನೊಂದು. ಎರಡನ್ನೂ ಕಲಸಿದರೆ ಇಬ್ಬರಿಗೂ ಅನ್ಯಾಯ.

ಗ್ರಂಥದ ಹೃದಯವಿರುವುದು ಯೊವಾನ್ನನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ. ಆರು ವರ್ಷದೊಳಗಿನ ಮಗುವಿಗೆ ಬೇಕಾದವನು ಹೆಸರು ಹಿಡಿದು ಕರೆಯುವ, ಕಾಯುವ ಕುರಿಗಾಹಿ. ತಪ್ಪಿಹೋದ ಕುರಿಯನ್ನು ಅರಸಿ ಕ್ಷಮಿಸುವ ಕುರಿಗಾಹಿ ಅನಂತರದ ವಯಸ್ಸಿಗೆ ಎನ್ನುತ್ತಾರೆ ಕವಲ್ಲೆಟ್ಟಿ. ಪ್ರೀತಿಯ ಅನುಭವ ಮೊದಲು, ನೀತಿಯ ಬೋಧೆ ಆಮೇಲೆ. ಇಡೀ ಕೃತಿಯಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ಒಳನೋಟವಿದು. ನಮ್ಮಲ್ಲಿ ಕ್ರಮ ತಿರುಗುಮುರುಗು. ಸುಳ್ಳು ಹೇಳಿದರೆ ದೇವರು ಕಣ್ಣು ಕಿತ್ತುಬಿಡುತ್ತಾನೆಂದು ಅಜ್ಜಿ ಹೆದರಿಸಿದ್ದನ್ನು ನಾವು ತರಗತಿಯಲ್ಲಿ ಶಾಸ್ತ್ರೋಕ್ತವಾಗಿ ಮುಂದುವರಿಸುತ್ತೇವೆ. ಪಾಪನಿವೇದನೆಗೆ ಸಿದ್ಧಪಡಿಸುವ ಅವಸರದಲ್ಲಿ, ತನ್ನನ್ನು ಪ್ರೀತಿಸುವವರು ಯಾರೆಂದು ತಿಳಿಯುವ ಮುನ್ನವೇ ತಾನು ಯಾರ ವಿರುದ್ಧ ತಪ್ಪು ಮಾಡಿದೆನೆಂಬ ಪಟ್ಟಿಯನ್ನು ಮಗು ಬಾಯಿಪಾಠ ಮಾಡುತ್ತದೆ.

ಆದರೆ ಮರದ ಬೊಂಬೆಯ ಕುರಿಗಾಹಿಯನ್ನು ಹಾಗೆಯೇ ಇಲ್ಲಿಗೆ ತರುವಂತಿಲ್ಲ. ಚಿತ್ರದುರ್ಗ, ಕೊಪ್ಪಳದ ಕಡೆ ಕುರಿಗಾಹಿ ಕಣ್ಣೆದುರಿನ ಮನುಷ್ಯ. ಹೆಗಲ ಮೇಲೆ ಕಂಬಳಿ ಹೊತ್ತು, ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿ, ತೋಳ ಬಂದೀತೆಂದು ರಾತ್ರಿಯೆಲ್ಲ ಎಚ್ಚರವಿರುವವನು. ಸಂತೆಯ ದಿನ ಅದೇ ಕೈಯಿಂದ ಕುರಿಯನ್ನು ಕಟುಕನಿಗೆ ಮಾರುವವನೂ ಅವನೇ ಎಂಬುದು ಅಲ್ಲಿನ ಮಗುವಿಗೆ ಚೆನ್ನಾಗಿ ಗೊತ್ತು. ‘ಯೇಸುಸ್ವಾಮಿಯೂ ನಮ್ಮನ್ನು ಮಾರುತ್ತಾರೆಯೆ?’ ಎಂದು ಅದು ಕೇಳಿದರೆ ಉಪದೇಶಕರು ಗದರಿಸಿ ಕೂರಿಸಬಾರದು. ‘ಉತ್ತಮ’ ಎಂಬ ಮಾತು ಅಲ್ಲಿರುವುದೇ ಆ ಪ್ರಶ್ನೆಗಾಗಿ. ಹನ್ನೊಂದನೆಯ ವಚನದಲ್ಲಿ ಪ್ರಾಣ ಕೊಡುವುದು ಕುರಿಯಲ್ಲ, ಕುರಿಗಾಹಿ. ಕುರಿ ಕಾಯುವವರ ಊರಿನ ಮಗು ಇದನ್ನು ನಮಗಿಂತ ಬೇಗ ಗ್ರಹಿಸೀತು.

ಹೆಸರು ಹಿಡಿದು ಕರೆಯುವ ಮಾತೂ ಹಾಗೆಯೇ. ಅರವತ್ತು ಮಕ್ಕಳ ತರಗತಿಯಲ್ಲಿ ‘ಏ, ಕೊನೆಯ ಸಾಲಿನ ಹುಡುಗ’ ಎಂದು ಕರೆಸಿಕೊಂಡ ಮಗುವಿಗೆ ಮೂರನೆಯ ವಚನವನ್ನು ವಿವರಿಸುವುದು ಹೇಗೆ? ಕೇರಿಯ ಹೆಸರಿನಿಂದ, ತಂದೆಯ ಕಸುಬಿನಿಂದ ಗುರುತಿಸಲ್ಪಡುವ ಮಕ್ಕಳು ನಮ್ಮ ದೇವಾಲಯಗಳಲ್ಲಿ ಇಂದಿಗೂ ಇದ್ದಾರೆ. ಕವಲ್ಲೆಟ್ಟಿಯವರ ಪುಟಗಳಲ್ಲಿ ನಮಗೆ ಹೆಚ್ಚಾಗಿ ಎದುರಾಗುವುದು ಪ್ರಶಾಂತ, ಆನಂದಭರಿತ ಮಗು. ಕುಡಿದು ಬರುವ ತಂದೆಯ ಸದ್ದಿಗೆ ಬಾಗಿಲ ಹಿಂದೆ ಅಡಗುವ ಮಗು ಪ್ರಾರ್ಥನೆಯಲ್ಲಿ ‘ತಂದೆಯೇ’ ಎಂಬ ಮಾತಿಗೆ ಬಂದಾಗ ಅದರೊಳಗೆ ಏನಾಗುತ್ತದೆ ಎಂಬ ವಿಚಾರಕ್ಕೆ ಈ ಗ್ರಂಥದಿಂದ ದೊರೆಯುವ ನೆರವು ಸಾಲದು. ಕೋಣೆಯೊಳಗಿನ ಮೌನ ಎಷ್ಟೇ ಪವಿತ್ರವಾಗಿದ್ದರೂ ಕೋಣೆಯ ಹೊರಗಿನ ಸಮುದಾಯ ಮಗುವನ್ನು ನಡೆಸಿಕೊಳ್ಳುವ ರೀತಿಯೂ ಧರ್ಮೋಪದೇಶವೇ.

ಕಂಠಪಾಠದ ವಿಷಯದಲ್ಲಿ ಈ ಪದ್ಧತಿಯ ಕೆಲವು ಅಭಿಮಾನಿಗಳ ಅತ್ಯುತ್ಸಾಹವನ್ನೂ ನಾವು ಒಪ್ಪಲಾರೆವು. ಗ್ರಂಥ ಪ್ರಕಟವಾದ 1979ರಲ್ಲಿಯೇ ಜಗದ್ಗುರು ಎರಡನೆಯ ಜಾನ್ ಪೌಲರು ‘ಕತೆಕೇಸಿ ತ್ರಾದೆಂದೇ’ ಎಂಬ ಪ್ರೇರಿತಿಕ ಪತ್ರದಲ್ಲಿ ನೆನಪಿನ ಸ್ಥಾನವನ್ನು ಸಮರ್ಥಿಸಿದರು. ಮನೆಯವರೆಲ್ಲ ಕುಳಿತು ಜಪಸರ ಮಾಡುವಾಗ ಅರ್ಥವಾಗುವ ಮೊದಲೇ ನಾಲಗೆಗೆ ಬಂದ ಪ್ರಾರ್ಥನೆ, ಮುಂದೊಂದು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ತಾನಾಗಿ ಬಾಯಿಗೆ ಬರುವುದನ್ನು ನಮ್ಮಲ್ಲಿ ಯಾವ ಗುರು ಕಂಡಿಲ್ಲ? ಆಕ್ಷೇಪವಿರಬೇಕಾದುದು ನೆನಪಿನ ಮೇಲಲ್ಲ, ಅಂಕಗಳ ಮೇಲೆ. ವರ್ಷದ ಕೊನೆಗೆ ಪರೀಕ್ಷೆ, ಮೂವರಿಗೆ ಬಹುಮಾನ. ಉಳಿದವರು ದೇವರ ವಿಷಯದಲ್ಲಿಯೂ ತಾವು ಸೋತವರೆಂದು ತಿಳಿದು ಮನೆಗೆ ಹೋಗುತ್ತಾರೆ.

ಖರ್ಚಿನ ಮಾತನ್ನು ಎತ್ತುವವರಿದ್ದಾರೆ. ಏಟ್ರಿಯಂ ನಮ್ಮ ಬಡ ಧರ್ಮಕೇಂದ್ರಗಳಿಗೆ ಎಟುಕದೆಂಬುದು ನಿಜ; ಆದರೆ ಪದ್ಧತಿಯ ತಿರುಳು ಪೀಠೋಪಕರಣದಲ್ಲಿಲ್ಲ. ಒಂದು ಸಾಸಿವೆ ಕಾಳನ್ನು ಮಗುವಿನ ಅಂಗೈಯಲ್ಲಿಟ್ಟು ಸುಮ್ಮನಿರಲು ಬೇಕಾದುದು ಹಣವಲ್ಲ, ಸುಮ್ಮನಿರುವ ಶಕ್ತಿ. ಸಾಸಿವೆ ನಮ್ಮ ಅಡುಗೆಮನೆಯ ಒಗ್ಗರಣೆಯಲ್ಲಿದೆ. ಸಾವಿಲ್ಲದ ಮನೆಯ ಸಾಸಿವೆಯನ್ನು ಹುಡುಕಿಹೋದ ತಾಯಿಯ ಬೌದ್ಧ ಕಥೆಯಲ್ಲೂ ಇದೆ. ಕನ್ನಡದ ಮಗು ಆ ಕಥೆಯನ್ನು ಹೊತ್ತುಕೊಂಡೇ ದೇವರ ಸಾಮ್ರಾಜ್ಯದ ಸಾಮತಿಗೆ ಬರುತ್ತದೆ. ಸಾವು ಮುಟ್ಟದ ಮನೆ ಒಂದೂ ಇಲ್ಲವೆಂದು ತಿಳಿದ ಮಗುವಿಗೆ, ಅದೇ ಕಾಳು ಹಕ್ಕಿಗಳಿಗೆ ನೆರಳಾಗಿ ಬೆಳೆಯಿತೆಂದು ಹೇಳುವ ಭಾಗ್ಯ ರೋಮಿನ ಉಪದೇಶಕರಿಗೆ ದೊರೆತಿರಲಾರದು. ಹುಳಿಹಿಟ್ಟಿನ ಸಾಮತಿಗೂ ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಿಗ್ಗೆ ಉಕ್ಕಿರುವುದನ್ನು ತೋರಿಸಿದರೆ ಸಾಕು.

ಇನ್ನುಳಿದದ್ದು ವಯಸ್ಸಿನ ಪ್ರಶ್ನೆ. 1910ರ ‘ಕ್ವಾಮ್ ಸಿಂಗುಲಾರಿ’ ಆಜ್ಞೆ ಪರಮಪ್ರಸಾದಕ್ಕೆ ಏಳರ ಆಸುಪಾಸನ್ನು ವಿವೇಚನೆಯ ವಯಸ್ಸೆಂದು ಗುರುತಿಸಿ ಮಕ್ಕಳಿಗೆ ಬಾಗಿಲು ತೆರೆಯಿತು. ಅನೇಕ ಧರ್ಮಕೇಂದ್ರಗಳಲ್ಲಿ ಅದನ್ನೇ ಧರ್ಮೋಪದೇಶ ಆರಂಭವಾಗುವ ವಯಸ್ಸೆಂದು ತಪ್ಪಾಗಿ ಓದಿಕೊಳ್ಳಲಾಗಿದೆ. ಕವಲ್ಲೆಟ್ಟಿಯವರು ಒಂದು ಗ್ರಂಥವನ್ನೇ ಮೀಸಲಿಟ್ಟ ಮೂರರಿಂದ ಆರರ ಮಕ್ಕಳಿಗೆ ಅಲ್ಲಿ ತರಗತಿಯೂ ಇಲ್ಲ, ಉಪದೇಶಕರೂ ಇಲ್ಲ. ಬಲಿಪೂಜೆಯ ಹೊತ್ತಿನಲ್ಲಿ ಅವರು ದೇವಾಲಯದ ಜಗಲಿಯ ಮೇಲೆ ಓಡಾಡುತ್ತಿರುತ್ತಾರೆ. ಗದ್ದಲ ಹೆಚ್ಚಾದರೆ ನಾವು ಪ್ರಬೋಧನೆ ನಿಲ್ಲಿಸಿ ಆ ಕಡೆ ನೋಡುತ್ತೇವೆ. ದ್ರಾಕ್ಷಾರಸಕ್ಕೆ ಒಂದು ಹನಿ ನೀರು ಬೆರೆಸುವುದನ್ನು ಉಸಿರು ಬಿಗಿಹಿಡಿದು ನೋಡಬಲ್ಲ ಕಣ್ಣುಗಳು ಅವರವೇ ಎಂದು ಲೇಖಕಿ ಹೇಳುತ್ತಾರೆ. ಬಲಿಪೀಠದ ಹತ್ತಿರ, ಮುಂದಿನ ಸಾಲಿನಲ್ಲಿ, ಅವರಿಗೊಂದು ಚಾಪೆ ಹಾಸಿಕೊಡಲು ಯಾವ ಅನುಮತಿಯೂ ಬೇಕಾಗಿಲ್ಲ.