ಪ್ರವಾಸ ಸಾಹಿತ್ಯದಲ್ಲಿ ಮರಳಿ ಬರುವ ಅಧ್ಯಾಯ

ಕನ್ನಡದ ಮನೆಗಳಲ್ಲಿ ಹೊರಟು ನಿಂತವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಬೀಳ್ಕೊಡುವವರೂ ಬರಿದೆ ‘ಹೋಗು’ ಎನ್ನದೆ ‘ಹೋಗಿ ಬಾ’ ಎಂದೇ ಹರಸುತ್ತಾರೆ. ಹೋಗುವುದಕ್ಕೆ ಬರುವುದನ್ನು ಜೋಡಿಸದೆ ಮಾತು ಮುಗಿಸುವುದು ನಮ್ಮಲ್ಲಿ ಅಶುಭ. ಆದರೆ ನಮ್ಮ ಪ್ರವಾಸ ಸಾಹಿತ್ಯವನ್ನು ಓದುವಾಗ ಈ ಜೋಡುಪದದ ಪೂರ್ವಾರ್ಧವಷ್ಟೇ ಸೊಂಪಾಗಿ ಬೆಳೆದಿರುವುದು ಕಾಣುತ್ತದೆ. ಹೊರಡುವ ಸಿದ್ಧತೆಗೆ ಒಂದು ಅಧ್ಯಾಯ, ಕಂಡ ಊರುಗಳಿಗೆ ಹತ್ತು ಅಧ್ಯಾಯ. ಮರಳಿದ ಸಂಗತಿಗೆ ಮಾತ್ರ ಕೊನೆಯ ಪುಟದ ನಾಲ್ಕು ಸಾಲು. ವಿಮಾನ ಇಳಿಯಿತು, ಬಂಧುಗಳು ಕಾದಿದ್ದರು, ಮನೆಯ ಊಟ ಅಮೃತವಾಯಿತು ಎಂಬಲ್ಲಿಗೆ ಕಥನ ಮುಗಿಯುತ್ತದೆ. ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಬರುವ ಪ್ರವಾಸ ಲೇಖನಗಳಲ್ಲಂತೂ ಈ ನಾಲ್ಕು ಸಾಲೂ ಹಲವು ವೇಳೆ ಇರುವುದಿಲ್ಲ. ಮರಳುವಿಕೆಯನ್ನು ಬಿಟ್ಟ ಪ್ರವಾಸ ಕಥನವು ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ‘ಸಫಾರಿ’ ಎಂಬ ಮಾತು ಒಳ್ಳೆಯ ಪ್ರವೇಶದ್ವಾರ. ಇಂದು ನಾವು ಅದನ್ನು ತೆರೆದ ಜೀಪಿನಲ್ಲಿ ಕುಳಿತು ಸಿಂಹವನ್ನು ನೋಡುವ ವಿಹಾರವೆಂದು ತಿಳಿದಿದ್ದೇವೆ. ಆದರೆ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪಯಣ, ಅಷ್ಟೇ. ಅದರ ಮೂಲ ಅರಬ್ಬಿಯ ‘ಸಫರ್’. ನಮ್ಮ ಊರುಗಳ ಮುಸಾಫಿರಖಾನೆಗಳ ‘ಮುಸಾಫಿರ’ನೂ ಇದೇ ಧಾತುವಿನವನು. ಪ್ರಾಣಿಗಳಿಗೂ ಈ ಪದಕ್ಕೂ ಹುಟ್ಟಿನಿಂದ ಬಂದ ನಂಟಿಲ್ಲ. ಸಫಾರಿಗೆ ಹೋದವನು ಮನೆಯಲ್ಲಿಲ್ಲ, ಕೈಗೆ ಸಿಗುವುದಿಲ್ಲ ಎಂಬುದೇ ಅದರ ದೈನಂದಿನ ಅರ್ಥ. ಎಂದಮೇಲೆ ಮನೆಯೊಂದು ಹಿಂದೆ ಇದ್ದೇ ಇದೆ, ಆ ಮನೆಯಲ್ಲಿ ಕಾಯುವವರೂ ಇದ್ದಾರೆ.

ನೆಲದ ದಾರಿಯ ದೀರ್ಘ ಪಯಣವನ್ನೂ ಮರಳುವಿಕೆಯನ್ನೂ ಒಟ್ಟಿಗೆ ನೋಡಬೇಕಾದರೆ ಇಬ್ನ್ ಬತೂತನಿಂದ ತೊಡಗುವುದು ಯುಕ್ತ. ಮೊರಾಕೊ ದೇಶದ ಟ್ಯಾಂಜಿಯರ್ ಪಟ್ಟಣದಿಂದ 1325ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮಕ್ಕಾ ಯಾತ್ರೆಗೆಂದು ಹೊರಟ ಈತ ಮತ್ತೆ ತನ್ನ ನಾಡಿನ ಫೆಜ್ ನಗರವನ್ನು ಸೇರಿದ್ದು 1349ರಲ್ಲಿ. ನಡುವಣ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವನು ಕಂಡ ಊರುಗಳಲ್ಲಿ ನಮ್ಮ ಕರಾವಳಿಯ ಹೊನ್ನಾವರ, ಬಾರಕೂರು, ಮಂಗಳೂರುಗಳೂ ಸೇರಿವೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಎಣಿಸಿ ಹೇಳಿದವನು ಅವನೇ. ಮಂಗಳೂರಿನಿಂದ ಏಳಿಮಲೆಯತ್ತ ಸಾಗಿದ ಅವನ ನಾವೆ ಕಾಸರಗೋಡಿನ ಕಡಲ ಕರೆಯ ಮುಂದೆಯೇ ಹಾದುಹೋಗಿರಬೇಕು.

ಈತನ ಮರಳುಪಯಣ ಹೋದ ಪಯಣದಷ್ಟೇ ನಿಧಾನವಾದುದು. ಮಲಬಾರನ್ನು ಬಿಟ್ಟು ಫೆಜ್ ಸೇರಲು ಎರಡು ವರ್ಷಕ್ಕೂ ಮೀರಿದ ಕಾಲ ಹಿಡಿಯಿತು. ಈ ನಿಧಾನಕ್ಕೆ ಕಥನದಲ್ಲಿ ಒಂದು ದಾರುಣವಾದ ಫಲವಿದೆ. ಮನೆಯು ಅವನಿಗೆ ಒಮ್ಮೆಗೇ ಎದುರಾಗುವುದಿಲ್ಲ, ಕಂತುಕಂತಾಗಿ ಎದುರಾಗುತ್ತದೆ. ದಮಾಸ್ಕಸ್ಸಿನಲ್ಲಿ, ತಂದೆ ತೀರಿಕೊಂಡು ಹದಿನೈದು ವರ್ಷಗಳಾದವೆಂದು ತಿಳಿಯುತ್ತದೆ. ಅದೇ ಊರಿನಲ್ಲಿ ತಾನು ಬಿಟ್ಟುಹೋದ ಹೆಂಡತಿಗೆ ಹುಟ್ಟಿದ, ತಾನು ಮುಖವನ್ನೇ ನೋಡದ ಮಗನೂ ಹನ್ನೆರಡು ವರ್ಷಗಳ ಹಿಂದೆ ಸತ್ತನೆಂದು ತಿಳಿಯುತ್ತದೆ. ಆಗ ಎಲ್ಲೆಡೆ ಮಹಾಮಾರಿ ಪ್ಲೇಗು ಹಬ್ಬಿತ್ತು. ಫೆಜ್ ಇನ್ನೇನು ಸಮೀಪಿಸಿತು ಎನ್ನುವಾಗ, ತಾಯಿಯೂ ಅದೇ ಬೇನೆಗೆ ಬಲಿಯಾದಳೆಂಬ ಸುದ್ದಿ ಬರುತ್ತದೆ. ಸುಲ್ತಾನರ ಔತಣಗಳನ್ನು ಪುಟಗಟ್ಟಲೆ ಬಣ್ಣಿಸಿದ ಇದೇ ಕಥನವು ತಾಯಿಯ ಸಾವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ ಮುಂದೆ ನಡೆಯುತ್ತದೆ. ಇದನ್ನು ನಿರ್ಭಾವವೆನ್ನುವವರು ಇರಬಹುದು. ಆದರೆ ಗ್ರಂಥವನ್ನು ಕೇಳಿ ಬರೆದುಕೊಂಡವನು ಇಬ್ನ್ ಜುಝೈ ಎಂಬ ಆಸ್ಥಾನ ಪಂಡಿತ. ಅದು 1355ರಲ್ಲಿ ಸುಲ್ತಾನನ ಅಪೇಕ್ಷೆಯಂತೆ ಮುಗಿದ ಕೃತಿ. ಅರಮನೆಗೆ ಬೇಕಾದದ್ದು ದೂರದ ಅದ್ಭುತಗಳು, ಮಗನೊಬ್ಬನ ಶೋಕವಲ್ಲ. ಮರಳಿದ ದುಃಖಕ್ಕೆ ಪ್ರವಾಸ ಕಥನದಲ್ಲಿ ಜಾಗ ಸಾಲದಿರುವುದು ಆರುನೂರೈವತ್ತು ವರ್ಷಗಳ ಹಿಂದೆಯೇ ಕಾಣುವ ಲಕ್ಷಣ. ಕೇಳುಗನು ಏನನ್ನು ಬಯಸುತ್ತಾನೋ ಅದು ಬೆಳೆಯುತ್ತದೆ, ಉಳಿದದ್ದು ಕುಗ್ಗುತ್ತದೆ.

ಆತನ ಕೊನೆಯ ದೊಡ್ಡ ಪಯಣ ಸಹಾರಾ ಮರುಭೂಮಿಯನ್ನು ದಾಟಿ ಮಾಲಿ ರಾಜ್ಯಕ್ಕೆ, ತಿಂಬುಕ್ತುವಿಗೆ. ಹಿಂದಿರುಗುವಂತೆ ಸುಲ್ತಾನನ ಆಜ್ಞೆ ಬಂದು, 1353ರಲ್ಲಿ ಒಂದು ದೊಡ್ಡ ಸಾರ್ಥದೊಡನೆ ಅವನು ಉತ್ತರಕ್ಕೆ ಹೊರಟ. ಆ ಸಾರ್ಥದಲ್ಲಿ ಆರುನೂರು ಮಂದಿ ದಾಸಿಯರಿದ್ದರೆಂದು ಅವನು ನಮೂದಿಸುತ್ತಾನೆ. ಅವರ ಬಗ್ಗೆ ಬೇರೆ ಮಾತಿಲ್ಲ. ಮುಂದೆ ದಾರಿಯಲ್ಲಿ ಬಿದ್ದ ಹಿಮದ ಕಷ್ಟವನ್ನು ಮಾತ್ರ ವಿವರವಾಗಿ ಹೇಳುತ್ತಾನೆ. ಒಂದೇ ದಾರಿ, ಒಂದೇ ದಿಕ್ಕು, ಒಂದೇ ಹೆಜ್ಜೆ; ಅವನಿಗೆ ಅದು ಮನೆಗೆ ಮರಳುವಿಕೆ, ಆ ಹೆಂಗಸರಿಗೆ ಎಂದೆಂದಿಗೂ ಮರಳಲಾರದ ಹೊರಡುವಿಕೆ. ಕಥನಕಾರನು ಕಾಣದ ಈ ವೈದೃಶ್ಯವನ್ನು ಕಾಣಬೇಕಾದದ್ದು ಓದುಗನ ಹೊಣೆ. ಒಬ್ಬರು ಮರಳುವಾಗ ಯಾರು ಮರಳಲಿಲ್ಲ ಎಂಬ ಪ್ರಶ್ನೆಯನ್ನು ಪ್ರವಾಸ ಸಾಹಿತ್ಯದ ವಿಮರ್ಶೆಯು ಯಾವಾಗಲೂ ಕೈಯಲ್ಲಿ ಹಿಡಿದಿರಬೇಕು.

ನಮ್ಮ ಕಾಲದ ನಿದರ್ಶನವಾಗಿ ಅಮೆರಿಕದ ಲೇಖಕ ಪಾಲ್ ಥೆರೂ ಅವರನ್ನು ತೆಗೆದುಕೊಳ್ಳಬಹುದು. 2002ರಲ್ಲಿ ಪ್ರಕಟವಾದ ಅವರ ‘ಡಾರ್ಕ್ ಸ್ಟಾರ್ ಸಫಾರಿ’ ಕೈರೋದಿಂದ ಕೇಪ್‌ಟೌನ್‌ವರೆಗೆ ಹೆಚ್ಚುಪಾಲು ನೆಲದ ಮೇಲೆಯೇ, ಬಸ್ಸು, ಲಾರಿ, ರೈಲು, ದೋಣಿಗಳಲ್ಲಿ ಮಾಡಿದ ಪಯಣದ ಕಥನ. ನೆಲದ ದಾರಿಯ ದೊಡ್ಡ ಲಾಭ ಈ ಪುಸ್ತಕದಲ್ಲಿ ಎದ್ದು ಕಾಣುತ್ತದೆ. ವಿಮಾನದವನಿಗೆ ದೇಶವೆಂದರೆ ರಾಜಧಾನಿ; ನೆಲದವನಿಗೆ ದೇಶವೆಂದರೆ ಗಡಿ. ಗಡಿಯ ಠಾಣೆಯ ಸಾಲು, ಹಣ ಬದಲಾಯಿಸುವವರು, ಈಚೆಗೂ ಆಚೆಗೂ ಒಂದೇ ಮಾತನ್ನಾಡುವ ಜನ, ಇವೆಲ್ಲವನ್ನೂ ಅವರು ಸಾವಧಾನವಾಗಿ ನೋಡುತ್ತಾರೆ.

ಆದರೆ ಈ ಪಯಣ ಒಂದು ಬಗೆಯ ಮರಳುವಿಕೆಯೂ ಹೌದು. ಥೆರೂ 1960ರ ದಶಕದಲ್ಲಿ ಮಲಾವಿಯಲ್ಲಿ ಶಾಲಾ ಮಾಸ್ತರರಾಗಿದ್ದವರು; ಅಲ್ಲಿಂದ ಹೊರಹಾಕಲ್ಪಟ್ಟು ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಅರವತ್ತು ತುಂಬುವ ಹೊತ್ತಿಗೆ ಅವರು ತಮ್ಮ ಹಳೆಯ ಶಾಲೆಗೆ ಮರಳುತ್ತಾರೆ. ಕಟ್ಟಡ ಹಾಳುಬಿದ್ದಿದೆ, ಗ್ರಂಥಾಲಯದಲ್ಲಿ ಪುಸ್ತಕಗಳಿಲ್ಲ. ಪುಸ್ತಕದ ಅತ್ಯಂತ ಪ್ರಾಮಾಣಿಕವಾದ ಭಾಗ ಇದು; ಅತ್ಯಂತ ದುರ್ಬಲವಾದ ಭಾಗವೂ ಇದೇ. ಪ್ರಾಮಾಣಿಕ, ಏಕೆಂದರೆ ಅವರ ನೋವು ನಟನೆಯದಲ್ಲ. ದುರ್ಬಲ, ಏಕೆಂದರೆ ಆ ನೋವಿನಿಂದ ಅವರು ಒಂದು ಖಂಡದ ಬಗ್ಗೆಯೇ ತೀರ್ಪು ಕೊಡಲು ಮುಂದಾಗುತ್ತಾರೆ. ಅವರು ಅಳೆಯುತ್ತಿರುವುದು ಇಂದಿನ ಮಲಾವಿಯನ್ನೋ, ಇಪ್ಪತ್ತೆರಡರ ಹರೆಯದ ತಮ್ಮ ಕಣ್ಣಿಗೆ ಕಂಡಿದ್ದ ಮಲಾವಿಯನ್ನೋ ಎಂಬುದು ಸ್ಪಷ್ಟವಾಗುವುದಿಲ್ಲ. ವಿದೇಶೀ ನೆರವಿನ ಸಂಸ್ಥೆಗಳ ಮೇಲೆ ಅವರು ಹರಿಹಾಯುವಲ್ಲಿ ಸತ್ಯಾಂಶವಿದೆ. ಆದರೆ ಅದೇ ಕಣ್ಣನ್ನು ಅವರು ತಮ್ಮ ಸ್ವದೇಶದತ್ತ ತಿರುಗಿಸಿದ್ದರೆ ಏನು ಕಾಣುತ್ತಿತ್ತು? ಪುಸ್ತಕ ಆ ಪ್ರಶ್ನೆಯವರೆಗೆ ಹೋಗುವುದಿಲ್ಲ. ತಿಂಗಳುಗಟ್ಟಲೆ ನೆಲದ ಮೇಲೆ ಹೋದವನು ವಿಮಾನದಲ್ಲಿ ಬೇಗನೆ ಮನೆ ಸೇರಿಬಿಡುತ್ತಾನೆ. ಇಬ್ನ್ ಬತೂತನಿಗಿದ್ದ ಕಂತುಕಂತಿನ ಮರಳುವಿಕೆ ಇವನಿಗಿಲ್ಲ.

ಥೆರೂ ಅವರ ಮುಂದಿನ ಎರಡು ಕೃತಿಗಳನ್ನು ಇದರ ಜೊತೆಗಿಟ್ಟು ಓದಿದಾಗ ಮಾತ್ರ ಚಿತ್ರ ಪೂರ್ಣವಾಗುತ್ತದೆ. 2013ರ ‘ದಿ ಲಾಸ್ಟ್ ಟ್ರೇನ್ ಟು ಝೋನಾ ವರ್ಡೆ’ಯಲ್ಲಿ ಅವರು ಕೇಪ್‌ಟೌನ್‌ನಿಂದ ನಮೀಬಿಯಾ ಮಾರ್ಗವಾಗಿ ಉತ್ತರಕ್ಕೆ ಹೊರಟು, ಅಂಗೋಲದಲ್ಲಿ ನಿಂತು, ಇನ್ನು ಮುಂದೆ ಹೋಗುವುದರಲ್ಲಿ ಅರ್ಥವಿಲ್ಲವೆಂದು ಹಿಂದಿರುಗುತ್ತಾರೆ. ಗುರಿ ಮುಟ್ಟದೆ ಮರಳಿದುದನ್ನೇ ಕಥನದ ತಿರುಳಾಗಿಸಿದ ಈ ಧೈರ್ಯ ಪ್ರವಾಸ ಸಾಹಿತ್ಯದಲ್ಲಿ ಅಪರೂಪದ್ದು. ಎರಡು ವರ್ಷಗಳ ಮೇಲೆ ಬಂದ ‘ಡೀಪ್ ಸೌತ್’ನಲ್ಲಿ ಅವರು ತಮ್ಮದೇ ದೇಶದ ದಕ್ಷಿಣ ರಾಜ್ಯಗಳ ಬಡ ಹಳ್ಳಿಗಳಲ್ಲಿ ಕಾರಿನಲ್ಲಿ ತಿರುಗುತ್ತಾರೆ; ಅಲ್ಲಿ ಅವರಿಗೆ ಆಫ್ರಿಕ ಪದೇ ಪದೇ ನೆನಪಾಗುತ್ತದೆ. ‘ಡಾರ್ಕ್ ಸ್ಟಾರ್ ಸಫಾರಿ’ಯಲ್ಲಿ ಬಿಟ್ಟುಹೋದ ಮರಳುವ ಅಧ್ಯಾಯವು ಹದಿಮೂರು ವರ್ಷಗಳ ಬಳಿಕ ಬೇರೊಂದು ಪುಸ್ತಕವಾಗಿ ಬಂದಿತು ಎಂದೇ ನನ್ನ ಓದು.

ಈಗ ಕನ್ನಡಕ್ಕೆ ಬರೋಣ. ನಮ್ಮ ಹಿರಿಯರ ಪ್ರವಾಸ ಕೃತಿಗಳ ಹೆಸರುಗಳಲ್ಲಿಯೇ ಈ ಪ್ರಶ್ನೆಗೆ ಉತ್ತರದ ಸುಳಿವುಗಳಿವೆ. ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’ ಎಂಬ ಹೆಸರಿನ ‘ಇಂದ’ ಪ್ರತ್ಯಯಕ್ಕೆ ಎರಡು ಅರ್ಥ ಸಾಧ್ಯ: ಆಚೆಯಿಂದ ಬರೆದದ್ದು, ಆಚೆಯಿಂದ ತಂದದ್ದು. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ದಲ್ಲಿ ‘ಅಪೂರ್ವ’ ಎಂಬುದು ಹಿಂದೆಂದೂ ಕಾಣದ್ದು ಎಂದೂ ಪೂರ್ವವಲ್ಲದ್ದು ಎಂದೂ ಧ್ವನಿಸುತ್ತದೆ. ಪಶ್ಚಿಮವನ್ನು ನೋಡುವಾಗಲೂ ಅಳತೆಗೋಲು ಪೂರ್ವವೇ. ಕೇಂದ್ರ ಸಾಹಿತ್ಯ ಅಕಾಡೆಮಿಯ 1980ರ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’ ಎಂಬಲ್ಲಿ ಗೊರೂರು ಎಂದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರೂ ಹೌದು, ಹೇಮಾವತಿಯ ದಡದ ಆ ಹಳ್ಳಿಯೂ ಹೌದು. ಹಳ್ಳಿಯನ್ನು ಹೆಗಲ ಮೇಲೆ ಹೊತ್ತು ಹೋದವರಿಗೆ ಮರಳುವ ಅಧ್ಯಾಯ ಬೇಕಿಲ್ಲ; ಅವರು ಪುಟಪುಟಕ್ಕೂ ಮರಳುತ್ತಲೇ ಇರುತ್ತಾರೆ. ಇದು ಗೊರೂರರ ಸೊಗಸು, ಅವರ ಮಿತಿಯೂ ಇಲ್ಲಿಯೇ ಇದೆ. ಹೊತ್ತುಹೋದ ಊರು ಬದಲಾಗುವುದಿಲ್ಲ. ಬಿಟ್ಟುಬಂದ ಊರು ಬದಲಾಗುತ್ತಿರುತ್ತದೆ.

ನನಗೆ ಹೆಚ್ಚು ಅರ್ಥಪೂರ್ಣವೆನಿಸುವ ಹೆಸರು ಕೃಷ್ಣಾನಂದ ಕಾಮತರ ‘ನಾನೂ ಅಮೆರಿಕೆಗೆ ಹೋಗಿದ್ದೆ’. ‘ಹೋಗಿದ್ದೆ’ ಎಂಬ ಕ್ರಿಯಾಪದವನ್ನು ಆಡಬಲ್ಲವನು ಮರಳಿ ಬಂದವನು ಮಾತ್ರ. ‘ನಾನೂ’ ಎಂಬಲ್ಲಿನ ‘ಊ’ಕಾರವಂತೂ ವಿದೇಶಕ್ಕೆ ಹೋಗಿ ಬಂದವರ ಗತ್ತನ್ನು ಮೆಲ್ಲಗೆ ಚಿವುಟುತ್ತದೆ. ಇಬ್ನ್ ಬತೂತ ಶಾಲೆಗಳನ್ನು ಎಣಿಸಿದ ಅದೇ ಹೊನ್ನಾವರದಲ್ಲಿ ಹುಟ್ಟಿದ ಕಾಮತರು ಅಮೆರಿಕದಲ್ಲಿ ಕೀಟಶಾಸ್ತ್ರ ಕಲಿತು ಹಿಂದಿರುಗಿದವರು. ಆಮೇಲೆ ಕ್ಯಾಮೆರಾ ಹಿಡಿದು ನಾಡನ್ನು ಸುತ್ತಿ, ಕರಾವಳಿಯ ದೇವಾಲಯಗಳ ಗೋಡೆಗಳಲ್ಲಿ ಅಳಿಯುತ್ತಿದ್ದ ಕಾವಿ ಕಲೆಯನ್ನು ದಾಖಲಿಸಿದರು. ಪರದೇಶದಲ್ಲಿ ಹರಿತವಾದ ಕಣ್ಣು ಮನೆಯಂಗಳದಲ್ಲಿ ಏನನ್ನು ಕಾಣಬಲ್ಲದು ಎಂಬುದಕ್ಕೆ ಅವರ ನಂತರದ ಬದುಕೇ ಸಾಕ್ಷಿ. ಮರಳುವ ಅಧ್ಯಾಯವನ್ನು ಪುಸ್ತಕದಲ್ಲಿ ಮಾತ್ರವಲ್ಲ, ಕೆಲಸದಲ್ಲಿಯೂ ಬರೆಯಬಹುದು.

ಬರೆಯದೆ ಉಳಿದ ಮರಳುವಿಕೆಗಳ ಲೆಕ್ಕ ಇದಕ್ಕಿಂತ ದೊಡ್ಡದು. ಇಂದು ಕೀನ್ಯಾದ ಸಫಾರಿಗೆ ಹೋಗುವ ನಮ್ಮವರು ಸಾವೊ ಅಭಯಾರಣ್ಯದಲ್ಲಿ ನರಭಕ್ಷಕ ಸಿಂಹಗಳ ಕಥೆ ಕೇಳಿ ಬರುತ್ತಾರೆ. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ 1896 ಮತ್ತು 1901ರ ನಡುವೆ ಹಾಕಿದ ರೈಲುದಾರಿಗೆ ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಒಯ್ಯಲಾಯಿತು. ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲಿಯೇ ಸತ್ತರು, ಹೆಚ್ಚಿನವರು ಮರಳಿದರು. ಸಿಂಹಗಳನ್ನು ಕೊಂದ ಪ್ಯಾಟರ್‌ಸನ್ನರ ಪುಸ್ತಕ 1907ರಿಂದ ಇಂದಿನವರೆಗೂ ಓದಲ್ಪಡುತ್ತಿದೆ. ಮರಳಿದ ಆ ಸಾವಿರಾರು ಜನ ತಮ್ಮ ಹಳ್ಳಿಯಲ್ಲಿ ಏನು ಹೇಳಿದರು ಎಂಬ ಪುಸ್ತಕಕ್ಕಾಗಿ ಹುಡುಕಿದರೆ ಕೈಗೆ ಹತ್ತುವುದು ಕಷ್ಟ. ಇತ್ತ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ದಾಸರಾಗಿ ತರಲ್ಪಟ್ಟವರು. ಇಬ್ನ್ ಬತೂತನ ಸಾರ್ಥದ ಆ ಹೆಂಗಸರಂತೆ ಅವರಿಗೂ ಮರಳುದಾರಿ ಇರಲಿಲ್ಲ. ಈ ನೆಲವನ್ನೇ ಮನೆಯಾಗಿಸಿಕೊಂಡರು, ಇಲ್ಲಿನ ಮಾತನ್ನೇ ತಮ್ಮದಾಗಿಸಿಕೊಂಡರು. ಆಫ್ರಿಕಕ್ಕೆ ಹೋಗಿ ಬಂದ ಕನ್ನಡಿಗನ ಲೇಖನದಲ್ಲಿ ಮಸಾಯಿ ಜನರ ಕುಣಿತಕ್ಕೆ ಎರಡು ಪುಟ ಸಿಗುವುದಾದರೆ, ಮರಳಿದ ಮೇಲೆ ಸಿದ್ದಿಗಳ ನೆನಪು ಒಂದು ಸಾಲಿಗಾದರೂ ಬರಬೇಡವೆ?

ಗಡಿನಾಡಿನ ಲೇಖಕರಿಗೆ ಈ ಅಧ್ಯಾಯದ ಮೇಲೆ ವಿಶೇಷವಾದ ಹಕ್ಕಿದೆ. ‘ಮನೆಗೆ ಮರಳಿದೆ’ ಎಂಬ ಮಾತು ಬೆಂಗಳೂರಿನವರಿಗೆ ಸರಳ. ಮನೆ, ರಾಜ್ಯ, ಭಾಷೆ ಮೂರೂ ಅವರಿಗೆ ಒಂದೇ ಕಡೆ ಇವೆ. 1956ರ ನವೆಂಬರ್ 1ರಂದು ಕಾಸರಗೋಡಿನ ಕನ್ನಡಿಗರು ಮನೆಯ ಜಗಲಿಯಿಂದ ಇಳಿಯದೆಯೇ ಬೇರೆ ರಾಜ್ಯದವರಾದರು. ತಾಳವಾಡಿಯವರ, ಅಕ್ಕಲಕೋಟೆಯವರ, ಮಡಕಶಿರದವರ ಅನುಭವವೂ ಇದಕ್ಕೆ ದೂರವಲ್ಲ. ಕೊಲ್ಲಿ ದೇಶದಲ್ಲಿ ಇಪ್ಪತ್ತು ವರ್ಷ ದುಡಿದು ಮರಳಿದ ನಮ್ಮವನು ಊರಿಗೆ ಬಂದಾಗ ಬಸ್ಸಿನ ಫಲಕ ಒಂದು ಭಾಷೆಯಲ್ಲಿರುತ್ತದೆ, ಅಂಗಳದ ಮಾತು ಇನ್ನೊಂದರಲ್ಲಿ, ಮಕ್ಕಳ ಪಠ್ಯಪುಸ್ತಕ ಮತ್ತೊಂದರಲ್ಲಿ. ಅವನು ಮರಳಿದ್ದು ಯಾವುದಕ್ಕೆ? ಮನೆಗೋ, ನಾಡಿಗೋ, ನುಡಿಗೋ? ಈ ಪ್ರಶ್ನೆಯನ್ನು ಒಳಹೊಕ್ಕು ಕೇಳಬಲ್ಲವರು ಗಡಿಯಲ್ಲಿ ಬದುಕಿದವರೇ. ಥೆರೂ ಅಂಥವರು ಗಡಿಗಳನ್ನು ದಾಟಿ ಕಲಿತದ್ದನ್ನು ನಾವು ಗಡಿಯಲ್ಲಿ ಕುಳಿತೇ ಬಲ್ಲೆವು.

ಆದ್ದರಿಂದ ಮುಂದಿನ ಸಂಚಿಕೆಗಳಿಗೆ ಪ್ರವಾಸ ಲೇಖನ ಬರೆಯುವವರಲ್ಲಿ ಒಂದು ವಿನಂತಿ. ನೋಡಿದ ಊರುಗಳ ಪಟ್ಟಿ, ಹೋಟೆಲಿನ ವಿವರ, ಊಟದ ತೊಂದರೆ ಇವನ್ನು ಅರ್ಧಕ್ಕಿಳಿಸಿ, ಉಳಿದ ಜಾಗವನ್ನು ಮರಳಿದ ಮೊದಲ ತಿಂಗಳಿಗೆ ಮೀಸಲಿಡಬಹುದು. ಅಲ್ಲಿಂದ ಬಂದ ಮೇಲೆ ನಮ್ಮ ಬೀದಿ ಹೇಗೆ ಕಂಡಿತು, ಮನೆಯಲ್ಲಿ ಉಳಿದವರು ಆ ದಿನಗಳನ್ನು ಹೇಗೆ ಕಳೆದರು, ಯಾವ ಮಾತನ್ನು ಹೇಳಲಾಗದೆ ಉಳಿಸಿಕೊಂಡೆವು ಎಂಬುದನ್ನು ಬರೆದರೆ, ಲೇಖನ ಚಿಕ್ಕದಾದರೂ ಬಾಳುತ್ತದೆ. ಸಂಘದ ಹಿರಿಯ ಸದಸ್ಯರಲ್ಲಿ ಬರ್ಮಾ, ಸಿಲೋನು, ಆಫ್ರಿಕ, ಕೊಲ್ಲಿ ದೇಶಗಳಿಂದ ಮರಳಿದವರ ಮಕ್ಕಳು, ಮೊಮ್ಮಕ್ಕಳು ಇದ್ದರೆ, ಅವರು ಮನೆಯಲ್ಲಿ ಕೇಳಿದ ಮಾತುಗಳನ್ನು ಈಗಲೇ ಬರೆದಿಡಬೇಕು. ಹೋಗಿದ್ದ ಊರುಗಳ ವಿವರ ಬೇರೆಯವರ ಪುಸ್ತಕಗಳಲ್ಲಿಯೂ ಸಿಗುತ್ತದೆ. ಮರಳಿ ಬಂದ ದಿನದ ಸಂಗತಿ ಆ ಮನೆಯವರ ಬಳಿ ಮಾತ್ರ ಇದೆ.