ಹಳೆಯ ಪುಸ್ತಕದ ಯೋಧನಿಗೂ ಜಾಗವಿದೆ

ಬೇರೆ ಬೇರೆ ಆವೃತ್ತಿಗಳ ಕ್ಲಾಸುಗಳನ್ನು, ಅಂದರೆ ಪಾತ್ರದ ಬಗೆಗಳನ್ನು, ಒಂದೇ ಆಟದಲ್ಲಿ ಬೆರೆಸಬಾರದು, ಬೆರೆಸಿದರೆ ಬಲಾಬಲ ಕೆಡುತ್ತದೆ. ಪಾತ್ರ ಕಟ್ಟಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದವರಲ್ಲಿ ಇದು ಬೇರೂರಿದ ಮಾತು. ನಾನಿದನ್ನು ಒಪ್ಪುವುದಿಲ್ಲ. ಬಲ ಕಾಯಿಯಲ್ಲೇ ಇರುತ್ತದೆ ಎಂದು ನಂಬಿದವರು ಮಾತ್ರ ಹೀಗೆ ಹೇಳಬಲ್ಲರು. ಆ ನಂಬಿಕೆ ಎಷ್ಟು ಸಡಿಲವೆಂದು ತಿಳಿಯಲು ಆ ಆಟ ಹುಟ್ಟಿದ ಅಮೆರಿಕದವರೆಗೆ ಹೋಗಬೇಕಿಲ್ಲ, ಹುಲಿ ಆಡನ್ನು ತಿನ್ನುವ, ಆಡುಗಳು ಹುಲಿಯನ್ನು ಕಟ್ಟುವ ನಮ್ಮ ಆಡು-ಹುಲಿ ಆಟವೇ ಸಾಕು.

ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಯಲ್ಲಿ ಕಾಪಿಲಿಯರು, ಅನುಪ್ಪರು ಮುಂತಾದ ಕನ್ನಡ ಮನೆಮಾತಿನ ಬೇಸಾಯಗಾರರಿದ್ದಾರೆ.  ಅವರ ಸುತ್ತಲಿನ ತಮಿಳು ನಾಡಿನಲ್ಲಿ ಈ ಆಟದ ಪಟ ಸಾಮಾನ್ಯವಾಗಿ ತ್ರಿಕೋನದ್ದು: 23 ಮನೆ, 3 ಹುಲಿ, 15 ಆಡು. ನೇಪಾಳದ ಬಾಘ್‌ಚಾಲ್ ಇದೇ ವಂಶದ ಇನ್ನೊಂದು ಆಟ: ಚೌಕದ ಪಟ, 25 ಮನೆ, 4 ಹುಲಿ, 20 ಆಡು. ಈಗ ಇವೆರಡನ್ನೂ ಬೆರೆಸಿ ನೋಡಿ. ನೇಪಾಳದ ನಾಲ್ಕನೆಯ ಹುಲಿಯನ್ನು ತ್ರಿಕೋನದ ಪಟಕ್ಕೆ ತಂದರೆ, ಒಂದೂ ಆಡು ಸಾಯದೆ ಎಲ್ಲವೂ ಇಳಿದ ಮೇಲೂ ನಾಲ್ಕು ಮನೆ ಖಾಲಿ ಉಳಿಯುತ್ತವೆ. ಹುಲಿಯ ಕಡೆಗೆ ಬಲ ಹೆಚ್ಚಿತು, ನಿಜ. ಆದರೂ ಆಟ ಸಾಗುತ್ತದೆ. ಹುಲಿಯನ್ನು ಬಿಟ್ಟು ಅಲ್ಲಿನ 20 ಆಡುಗಳನ್ನೇ ತಂದರೋ? ಮೂರು ಹುಲಿ, ಇಪ್ಪತ್ತು ಆಡು ಸೇರಿ 23. ಒಂದು ಮನೆಯೂ ಖಾಲಿಯಿಲ್ಲ. ಆಡುಗಳು ಒಂದೂ ಸಾಯದೆ ಇಳಿಯುತ್ತಾ ಹೋದರೆ ಸಾಕು, ನಡೆಸುವ ಮೊದಲೇ ಹುಲಿಗಳನ್ನು ಕಟ್ಟಿದಂತಾಯಿತು. ಎರಡು ಬೆರಕೆಗಳಿಗೂ ಕಾಯಿ ಬಂದದ್ದು ಒಂದೇ ಆಟದಿಂದ. ಒಂದು ನಡೆಯಿತು, ಒಂದು ಕೆಟ್ಟಿತು. ನಾಲ್ಕನೆಯ ಹುಲಿ ಅಷ್ಟು ಬಲವಾದದ್ದಾದರೂ ಆಟ ನಿಲ್ಲಿಸಲಿಲ್ಲ, ಬಡಪಾಯಿ ಆಡುಗಳು ನಿಲ್ಲಿಸಿದವು. ಲೆಕ್ಕ ಹಾಕಬೇಕಾದದ್ದು ಖಾಲಿ ಮನೆಗಳನ್ನು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಆ ಖಾಲಿ ಮನೆಯೆಂದರೆ ಆಟಗಾರನ ಸರದಿ: ಒಂದು ಸುತ್ತಿನಲ್ಲಿ ಯಾರಿಗೆ ಎಷ್ಟು ಮಾಡಲು ಅವಕಾಶ ಸಿಗುತ್ತದೆ ಎಂಬುದು. 2014ರ ನಿಯಮ ಪುಸ್ತಕದ ಪಾಲಡಿನ್ ಎಂಬ ಯೋಧ ಐದನೆಯ ಮಟ್ಟಕ್ಕೆ ಬಂದರೆ ಒಂದು ಸರದಿಯಲ್ಲಿ ಎರಡು ಏಟು ಹೊಡೆಯಬಲ್ಲ. ಎರಡೂ ತಗುಲಿದರೆ ಎರಡರ ಮೇಲೂ 'ಸ್ಮೈಟ್' ಎಂಬ ಹೆಚ್ಚುವರಿ ಪೆಟ್ಟು ಹೇರಬಲ್ಲ. 2024ರ ಪುಸ್ತಕದಲ್ಲಿ ಸ್ಮೈಟ್ ಒಂದೇ ಬಾರಿ ಸಿಗುವ ಬೋನಸ್ ಆ್ಯಕ್ಷನ್ ಬೇಡುವ ಮಂತ್ರವಾಗಿದೆ, ಹಾಗಾಗಿ ಸರದಿಗೊಂದೇ. ಹಳೆಯ ಮತ್ತು ಹೊಸ ಪಾಲಡಿನ್‌ಗಳು ಅಕ್ಕಪಕ್ಕ ಕೂತರೆ ಹೊಸಬನಿಗೆ ನೋಯುವುದು ಇಲ್ಲಿ. ಫೈಟರ್‌ನ ವಿಷಯದಲ್ಲಿ ಇದು ತಿರುಗುಮುರುಗು: ಹೊಸಬನಿಗೆ ಆಯುಧದ ವಿಶೇಷ ಪಟ್ಟುಗಳಿವೆ, ಹಳಬನಿಗಿಲ್ಲ. ಎರಡಕ್ಕೂ ಮದ್ದು ಒಂದೊಂದು ಸಾಲಿನದು: ಸ್ಮೈಟ್ ಯಾರಿಗೂ ಸರದಿಗೊಂದೇ; ಆ ಪಟ್ಟುಗಳು ಹಳಬನಿಗೂ ಸಿಗಲಿ. ಹೊಸ ಪುಸ್ತಕವೇ ಹಳೆಯ ಉಪವರ್ಗಗಳಿಗೆ, ಅಂದರೆ ಕ್ಲಾಸಿನ ಒಳಬಗೆಗಳಿಗೆ, ಬಾಗಿಲು ತೆರೆದಿದೆ: ಒಂದನೆಯ ಅಥವಾ ಎರಡನೆಯ ಮಟ್ಟದಲ್ಲಿ ಸಿಗುತ್ತಿದ್ದುದನ್ನು ಮೂರನೆಯದರಲ್ಲಿ ತೆಗೆದುಕೊಳ್ಳಿ ಎನ್ನುತ್ತದೆ.

ಒಂದೇ ಪುಸ್ತಕಕ್ಕೆ ಅಂಟಿಕೊಂಡರೆ ಸಮತೋಲ ತಾನಾಗಿ ಬರುತ್ತದೆ ಎಂಬ ಭರವಸೆಗೂ ಆಧಾರವಿಲ್ಲ. 2014ರ ಪುಸ್ತಕದೊಳಗೇ ಪ್ರಾಣಿಯನ್ನು ಸಾಕಿಕೊಂಡ ರೇಂಜರ್ ಎಂಬ ಕ್ಲಾಸಿನವ ವರ್ಷಗಟ್ಟಲೆ ಸೊರಗಿದ. ಮೊದಲಿನಿಂದಲೂ ಈ ಆಟ ಬೆಳೆದದ್ದು ಬೆರಕೆಯಿಂದಲೇ. ಆಟವನ್ನು ರೂಪಿಸಿದ ಗೈಗ್ಯಾಕ್ಸ್ ಮತ್ತು ಆರ್ನೆಸನ್ 1974ರಲ್ಲಿ ತಂದ ಪೆಟ್ಟಿಗೆಯಲ್ಲಿ ಮೂರೇ ಕ್ಲಾಸುಗಳಿದ್ದವು; ಕಳ್ಳನೂ ಪಾಲಡಿನ್ನನೂ ಬಂದದ್ದು ಮರುವರ್ಷದ ಪುರವಣಿಯಲ್ಲಿ. ಅಷ್ಟು ದೂರದ ಆವೃತ್ತಿಗಳನ್ನು ಬೆರೆಸುವುದೂ ಕಷ್ಟವಲ್ಲ: ತೀರಾ ಹಳೆಯ ಆವೃತ್ತಿಗಳಲ್ಲಿ ರಕ್ಷಾಕವಚದ ಅಂಕಿ ಇಳಿದಷ್ಟೂ ಒಳ್ಳೆಯದು, 2000ದಿಂದ ಏರಿದಷ್ಟೂ ಒಳ್ಳೆಯದು. 10ರಿಂದ ಶುರುವಾಗುವ ಹಳೆಯ ಅಂಕಿಯನ್ನು 20ರಿಂದ ಕಳೆದರೆ ಸರಿಹೋಯಿತು.

ಬೆರೆಸಬಾರದೆಂಬ ಈ ಶುದ್ಧಿಯ ನಿಯಮದಿಂದ ಪೆಟ್ಟು ತಿನ್ನುವವರು ಯಾರು ಎಂಬುದೇ ನನಗೆ ಮುಖ್ಯ. ದೀಪಾವಳಿ ರಜೆಗೆ ಕಂಬಂನ ಅಜ್ಜಿಮನೆಗೆ ಮಕ್ಕಳು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಬೆಂಗಳೂರಿನವಳ ಬ್ಯಾಗಿನಲ್ಲಿ 2024ರ ಹೊಸ ಪುಸ್ತಕ. ಊರಲ್ಲೇ ಓದುವ ಅವಳ ತಮ್ಮನ ಕೈಯಲ್ಲಿ ಯಾರೋ ಕೊಟ್ಟ 2014ರ ಪ್ರತಿ. ಅದರಿಂದ ಅವನು ತಿಂಗಳುಗಟ್ಟಲೆ ಕೂತು ಒಬ್ಬ ಪಾಲಡಿನ್ನನನ್ನು ಕಟ್ಟಿದ್ದಾನೆ. ಸಾವಿರಾರು ರೂಪಾಯಿಯ ಹೊಸ ಪುಸ್ತಕ ತಂದ ಮೇಲೆ ಬಾ ಎಂದು ಅವನಿಗೆ ಹೇಳುವ ನಿಯಮ ನ್ಯಾಯವಾದದ್ದಲ್ಲ. ಆಟ ನಡೆಸುವ ಡಿಎಂ ಆದವರು ಆಟಕ್ಕೆ ಮೊದಲೇ ಅವನೊಂದಿಗೆ ಕೂತು 'ಸ್ಮೈಟ್ ಸರದಿಗೆ ಒಂದೇ ಸಲ ಕಣೋ, ಅಕ್ಕನಿಗೂ ಅಷ್ಟೇ' ಎಂದು ತೀರ್ಮಾನಿಸಿಕೊಂಡರೆ ಆಯಿತು. ಅವನ ಹಾಳೆಯ ಉಳಿದದ್ದೆಲ್ಲ ಇದ್ದ ಹಾಗೆಯೇ ಇರಲಿ.